ನಾಲ್ಕು ಬೆರಳು ರುಮಾಲು

ಹಳೆಯ ಹತ್ತಿಗೆ ಒಂದು ವಾಸನೆ ಇದೆ. ವರ್ಷಗಟ್ಟಲೆ ಕುರ್ಚಿಯ ಹೊಟ್ಟೆಯೊಳಗೆ ಕೂತು, ಧೂಳು ಕುಡಿದು, ಬೆವರು ಕುಡಿದು, ಕೊನೆಗೊಂದು ದಿನ ಗಾಳಿಗೆ ಬಿದ್ದಾಗ ಅದು ಬಿಡುವ ವಾಸನೆ. ನಿಮಗೆ ಗೊತ್ತಿರಲಾರದು, ಈಗ ಎಲ್ಲರ ಮನೆಯಲ್ಲೂ ಸ್ಪಂಜು. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೆ ನಾನು ಕೂತಲ್ಲೇ ಕೂತುಬಿಟ್ಟೆ.

ಆದದ್ದಿಷ್ಟೆ. ಶಾಂತಾ ಬಂದಿದ್ದಾಳೆ. ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದಾಗ ನನ್ನ ಕೈಯಲ್ಲಿ ಕಲಿತವಳು, ಈಗ ಸ್ವಂತ ಅಂಗಡಿ ಇಟ್ಟಿದ್ದಾಳೆ. ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳ ಗಂಟು ಹೊತ್ತು ತಂದು ನನ್ನ ಪಡಸಾಲೆಯ ನಡುವೆ ಸುರುವಿದಳು.

"ಟೀಚರ್, ಹೊಸಾ ಖುರ್ಚಿ ಯಾಕ ಬೇಕ್ರಿ? ಇದರ ಕಟಿಗಿ ಇನ್ನಾ ಗಟ್ಟಿ ಅದ. ಮ್ಯಾಲಿನ ಬಟ್ಟಿ ಬದಲಿ ಮಾಡಿದ್ರ ಮುಗೀತು."

ನನಗೆ ಹೊಸದೂ ಬೇಕಿರಲಿಲ್ಲ, ಹಳೆಯದೂ ಬೇಕಿರಲಿಲ್ಲ. ನಾನು ಕುರ್ಚಿಯ ಮೇಲೆ ಕೂಡುವವಳೇ ಅಲ್ಲ. ಓಣಿಯಲ್ಲಿ ಕೆಲವರು ಇದನ್ನು ವಿನಯ ಎನ್ನುತ್ತಾರೆ, ಕೆಲವರು ಮೂಲವ್ಯಾಧಿ ಎನ್ನುತ್ತಾರೆ. ಎರಡೂ ಅಲ್ಲ. ಆದರೆ ಕಲಿಸಿದ ಕೈಯ ಮುಂದೆ ಕಸುಬು ತೋರಿಸಬೇಕೆಂಬ ಹುಮ್ಮಸ್ಸು ಅವಳದು, ಬೇಡವೆನ್ನಲು ಮನಸ್ಸಾಗಲಿಲ್ಲ. ಅವಳು ಕುರ್ಚಿಯನ್ನು ಅಡ್ಡ ಕೆಡವಿ ಪದರ ಪದರವಾಗಿ ಸುಲಿಯತೊಡಗಿದಳು. ಮೇಲೆ ರೆಕ್ಸಿನ್ನು. ಅದರ ಕೆಳಗೆ ಹೂವಿನ ಚೀಟಿಬಟ್ಟೆ. ಅದರ ಕೆಳಗೆ ಖಾಕಿ. ಒಂದರ ಮೇಲೊಂದು ಹಾಕಿದವಳು ನಾನೇ. ಕೆಳಗಿನದನ್ನು ಬಿಚ್ಚದೆ ಮೇಲಿಂದ ಮೇಲೆ ಹೊದಿಸುತ್ತ ಬಂದಿದ್ದೇನೆ. ವಿದ್ಯಾರ್ಥಿನಿಯರಿಗೆ ಮಾತ್ರ ಹಳೆಯದನ್ನು ಪೂರ್ತಿ ಬಿಚ್ಚಿಯೇ ಹೊಸದು ಹಾಕಬೇಕೆಂದು ಮೂವತ್ತು ವರ್ಷ ಪಾಠ ಹೇಳಿದೆ.

ಈ ಕುರ್ಚಿ ಅಪ್ಪನದು. ಅಪ್ಪ ರಾಯಚೂರಿನ ಜಿನ್ನಿನಲ್ಲಿ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ತೂಕದ ಗುಮಾಸ್ತ. ಜಿನ್ನಿನ ಆಫೀಸಿನಲ್ಲಿ ಬೆತ್ತ ಹರಿದು ಮೂಲೆ ಸೇರಿದ್ದ ಕುರ್ಚಿಯನ್ನು ಕೇಳಿ ತಂದಿದ್ದ. ಕೋಟೆ ಗೋಡೆಯ ಮಗ್ಗುಲಿನ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅದೊಂದೇ ಕುರ್ಚಿ. ಬೆತ್ತ ಹೆಣೆಸುತ್ತೇನೆ ಎನ್ನುತ್ತಲೇ ಇದ್ದ. ನನಗೆ ಹದಿನೈದು ತುಂಬುವ ಮೊದಲೇ ಎಂಟು ದಿನದ ಜ್ವರದಲ್ಲಿ ಹೋಗಿಬಿಟ್ಟ. ಮನೆಯಲ್ಲಿ ಉಳಿದವರು ಅವ್ವ, ನಾನು, ತೂತಿನ ಕುರ್ಚಿ.

ಅದು ಯುದ್ಧದ ಕಾಲ. ಯುದ್ಧ ಎಲ್ಲೋ ನಡೆದಿತ್ತು. ನಮಗೆ ಅದು ತಿಳಿದದ್ದು ಬಟ್ಟೆಯಿಂದ. ಬಟ್ಟೆಗೆ ಕಂಟ್ರೋಲು ಬಂತು. ಅರ್ಧ ದಿನ ಸಾಲಿನಲ್ಲಿ ನಿಂತರೆ ಒಂದು ತುಂಡು ಕೋರಾ ಸಿಗುತ್ತಿತ್ತು, ಹೆಣಕ್ಕೆ ಹೊದಿಸಲು ಮಾತ್ರ ಯೋಗ್ಯ. ಹೊಲಿಯುವ ದಾರಕ್ಕೂ ತತ್ವಾರ. ಅವ್ವ ಹಳೆಯ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ಎರಡೆರಡು ಎಳೆ ಹೊಸೆದು, ಮೇಣ ಸವರಿ, ಅದರಿಂದಲೇ ಹೊಲಿಯುತ್ತಿದ್ದಳು. ನನಗೂ ಹಾಗೆಯೇ ಕಲಿಸಿದಳು.

ದೇವದುರ್ಗದ ಮದುವೆಯ ಸುದ್ದಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅಪ್ಪ ಹೋಗುವ ಮೂರು ವರ್ಷ ಮೊದಲು ಅಲ್ಲಿ ನಮ್ಮ ಬಳಗದಲ್ಲಿ ಒಂದು ಮದುವೆಯಾಯಿತು. ಮಾನ್ವಿಯ ಶರಣಪ್ಪ ಕಾಕಾನೂ ಬಂದಿದ್ದರು. ಸೇಂಗಾ ವ್ಯಾಪಾರಿ, ಹಣೆತುಂಬ ವಿಭೂತಿ, ಅಪ್ಪನ ಬಾಲ್ಯದ ಗೆಳೆಯ. ಆಯೇರಿ ಮಾಡುವ ಹೊತ್ತಿನಲ್ಲಿ, ಅಂದರೆ ಬಂಧುಗಳು ಒಬ್ಬರಿಗೊಬ್ಬರು ಬಟ್ಟೆ ಕೊಟ್ಟು ಮರ್ಯಾದೆ ಮಾಡುವಾಗ, ಅವರು ಎದ್ದು ಬಂದು ಹಳದಿ ಅಂಚಿನ ಒಂದು ಕೆಂಪು ರುಮಾಲನ್ನು ತಮ್ಮ ಕೈಯಿಂದಲೇ ಅಪ್ಪನ ತಲೆಗೆ ಸುತ್ತಿದರು.

"ನಿನ್ನ ಮಗಳು ನನ್ನ ಮನಿಗೆ. ಇನ್ನ ಮ್ಯಾಲ ಆಕಿ ಚಿಂತಿ ನಿನಗ ಬ್ಯಾಡ," ಎಂದರು.

ಅಪ್ಪ ನಗುತ್ತ, "ರುಮಾಲು ತಲಿಮ್ಯಾಲಿತ್ತಂದ್ರ ಮಾತೂ ತಲಿಮ್ಯಾಲಿತ್ತು ಬಿಡು" ಎಂದ. ಮಂದಿಯೆಲ್ಲ ಕೇಳಿದರು. ನಾನೂ ಕಂಬದ ಮರೆಯಿಂದ ಕೇಳಿದೆ. ಊಟದ ಪಂಕ್ತಿಯಲ್ಲಿ ಒಬ್ಬ ಹುಡುಗ ತಂಬಿಗೆ ಹಿಡಿದು ನೀರು ಬಡಿಸುತ್ತಿದ್ದ, ನನ್ನ ಲೋಟಕ್ಕೆ ಹಾಕುವಾಗ ಅರ್ಧ ನೀರು ಎಲೆಯ ಮೇಲೆ ಚೆಲ್ಲಿದ. ಅವನೇ ಕಾಕಾನ ಮಗನೆಂದು ಆಮೇಲೆ ಗೊತ್ತಾಯಿತು. ನನ್ನ ಇಡೀ ಆಯುಷ್ಯದ ಪ್ರೇಮಪ್ರಸಂಗ ಅಷ್ಟೆ: ಒಂದು ಲೋಟ ನೀರು, ಅದೂ ಅರ್ಧ.

ಅಪ್ಪ ತೀರಿದ ಎರಡನೆಯ ವರ್ಷ ಮಾನ್ವಿಯಿಂದ ಕಾರ್ಡು ಬಂತು. ಸೋಮವಾರ ಹುಡುಗಿಯನ್ನು ನೋಡಲು ಬರುತ್ತೇವೆ ಎಂದು ಬರೆದಿದ್ದರು. ಅವ್ವ ಕಾರ್ಡನ್ನು ನನ್ನ ಕೈಯಿಂದ ಮೂರು ಸಲ ಓದಿಸಿಕೊಂಡಳು. ಆಮೇಲೆ ಮನೆಯನ್ನು ಒಮ್ಮೆ ಸುತ್ತ ನೋಡಿದಳು, ನಾನೂ ನೋಡಿದೆ. ದಿನಾ ಇರುವವರಿಗೆ ಕಾಣದ ಬಡತನ ಬರುವವರ ಕಣ್ಣಿನಿಂದ ನೋಡಿದಾಗ ಹೇಗೆ ಕಾಣುತ್ತದೆ ಎಂಬುದನ್ನು ನೀವೂ ಯಾವಾಗಲಾದರೂ ಅನುಭವಿಸಿರುತ್ತೀರಿ.

"ಅಳಕೋತ ಕುಂತ್ರ ಗ್ವಾಡಿ ಬೆಳ್ಳಗಾಗಂಗಿಲ್ಲ. ಸಂದೂಕ ತಗಿ," ಎಂದಳು ಅವ್ವ.

ಸಂದೂಕದಲ್ಲಿದ್ದದ್ದೆಲ್ಲ ಅಪ್ಪನ ಬಟ್ಟೆ. ಮೂರು ಧೋತರ ಹೊರಬಂದವು. ದಾಳಿಂಬರ ಸಿಪ್ಪೆ, ಪಟಿಕ ಹಾಕಿ ಕುದಿಸಿ ಅದ್ದಿದರೆ ಬಿಳಿ ಹೋಗಿ ಜೋಳದ ಒಣ ರವದಿಯ ಹಳದಿ ಬಣ್ಣ ಬಂತು. ಎರಡನ್ನು ಲೋಡಿಗೆ ಗವಸು ಮಾಡಿದೆವು. ಖಾಲಿಯಾದ ಸಂದೂಕಿಗೆ ಅವ್ವನ ಇಳಕಲ್ ಸೀರೆಯ ಹರಿಯದ ಭಾಗವನ್ನು ಹೊದಿಸಿ ಗೋಡೆಗೆ ಒತ್ತಿ ಇಟ್ಟರೆ ಅದು ಬೆಂಚಾಯಿತು. ಗೋಡೆ ಉದುರಿದಲ್ಲಿ ನನ್ನ ಕಸೂತಿಯ ಚೌಕ ತೂಗುಹಾಕಿದೆವು. ಜಿನ್ನಿನ ನೆಲ ಗುಡಿಸಿದ ಹತ್ತಿಯನ್ನು ಅಲ್ಲಿಯ ಕೆಲಸದವರು ಅಪ್ಪನ ಹೆಸರು ನೆನೆದು ಒಂದು ಚೀಲ ಕೊಟ್ಟರು. ಅದನ್ನು ತುಂಬಿ, ಮೇಲೆ ಮೂರನೆಯ ಧೋತರ ಹೊದಿಸಿ, ಕುರ್ಚಿಯ ತೂತು ಮುಚ್ಚುವ ಕೆಲಸ ನನ್ನದು. ಸುಳ್ಳು ಯಾಕೆ, ಆ ನಾಲ್ಕು ದಿನ ನಾವು ಸುಖವಾಗಿದ್ದೆವು. ಅಪ್ಪ ಹೋದ ಮೇಲೆ ಮನೆಯಲ್ಲಿ ಮೊದಲ ಸಲ ಅವ್ವ ಹಾಡು ಗುನುಗಿದಳು.

ಕೊನೆಗೆ ಅವಳು ರುಮಾಲು ತೆಗೆದಳು. ಅದನ್ನು ಬಿಚ್ಚಿ, ಎರಡು ಉದ್ದ ತುಂಡಾಗಿ ಕತ್ತರಿಸಿ, ಜೋಡಿಸಿ, ಒಳಕೋಣೆಯ ಬಾಗಿಲಿಗೆ ಪರದೆ ಮಾಡಬೇಕೆಂಬುದು ಅವಳ ಯೋಚನೆ. ಬಂದವರು ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಆ ಕೆಂಪು ಕಾಣಬೇಕು. ಬಾಯಿಬಿಟ್ಟು ನೆನಪಿಸುವುದಕ್ಕಿಂತ ಅದು ಮೇಲು ಎಂದು ಅವಳು ಎಣಿಸಿದ್ದಳು. ಕತ್ತರಿ ಹಾಕುವ ಮುಂಚೆ ಅದನ್ನು ಹಣೆಗೆ ಒತ್ತಿಕೊಂಡಳು.

"ಉಳಿದ ತುಂಡು ಪರದಿ ಮ್ಯಾಲ ಝಾಲರಿ ಮಾಡು. ಕೆಳಗ ಎಲ್ಲೂ ಹಾಕಬ್ಯಾಡ. ತಲಿಮ್ಯಾಲಿನ ಬಟ್ಟಿ ಅದು."

ನಾನು ಹೂಂ ಎಂದೆ. ಮನಸ್ಸಿಟ್ಟು ಕೇಳಿಸಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ಕುರ್ಚಿಯ ಮುಂಭಾಗದಲ್ಲಿ ಧೋತರ ನಾಲ್ಕು ಬೆರಳು ಕಡಿಮೆ. ಅಳತೆ ತಪ್ಪಿದ್ದೆ. ಗೋಣಿಯ ತಟ್ಟು ಸೇರಿಸಬಹುದಿತ್ತು, ಆದರೆ ಚೆಂದ ಕಾಣುವುದಿಲ್ಲವಲ್ಲ. ಝಾಲರಿ ಹೊಲಿದು ಮಿಕ್ಕ ರುಮಾಲಿನ ಒಂದು ಪಟ್ಟಿ ಕೈಗೆ ಹತ್ತಿತು. ಪರದೆ ಕೆಂಪು, ಕುರ್ಚಿಯ ಅಂಚೂ ಕೆಂಪು, ಎರಡಕ್ಕೂ ಅದೇ ಹಳದಿ ಗೆರೆ. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಕತ್ತರಿ ಬಿದ್ದ ಮೇಲೆ ರುಮಾಲು ರುಮಾಲಲ್ಲ, ಬರೀ ಬಟ್ಟೆ ಎಂದು ತಿಳಿದಿದ್ದೆ. ಅದರ ಕತ್ತರಿಸಿದ ಬದಿಯಿಂದಲೇ ಕೆಂಪು ಎಳೆ ಬಿಡಿಸಿ, ಹೊಸೆದು, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆಯಲ್ಲಿ ಕೂಡಿಸಿಬಿಟ್ಟೆ. ಅವ್ವ ಒಲೆಯ ಮುಂದೆ ಮಂಡಕ್ಕಿ ನೆನೆಹಾಕಿ ಮಂಡಾಳು ಒಗ್ಗರಣೆಯ ತಯಾರಿಯಲ್ಲಿದ್ದಳು, ನೋಡಲಿಲ್ಲ. ಕುರ್ಚಿಯನ್ನು ನಾನೇ ಪಡಸಾಲೆಯಲ್ಲಿ ಇಟ್ಟು ಪರದೆಯ ಹಿಂದೆ ಹೋಗಿ ನಿಂತೆ.

ಕಾಕಾ, ಅವರ ಹೆಂಡತಿ, ಇಬ್ಬರೇ ಬಂದರು. ಕಾಕಾ ಹೊಸ್ತಿಲಲ್ಲೇ ನಿಂತುಬಿಟ್ಟರು. ರುಮಾಲು ತೆಳ್ಳಗಿತ್ತು, ಈಚೆಯಿಂದ ನನಗೆ ಅವರ ಮುಖ ಕಾಣುತ್ತಿತ್ತು.

"ಇದು ನಾ ಸುತ್ತಿದ್ದಲ್ಲೇನ್ರೀ, ತಂಗೆವ್ವಾ?"

"ಹೌದ್ರಿ ಅಣ್ಣಾರ," ಎಂದಳು ಅವ್ವ. ಅವಳ ದನಿಯಲ್ಲಿ ಎಷ್ಟು ಸಮಾಧಾನ ಇತ್ತೆಂದರೆ, ನನ್ನ ಮದುವೆ ಆ ಕ್ಷಣಕ್ಕೆ ಆಗಿಯೇ ಹೋಗಿತ್ತು. ಕಾಕಾ ಕಣ್ಣು ಒರೆಸಿಕೊಂಡರು. "ನನ್ನ ಗೆಳ್ಯಾನ ಇದ್ದಂಗ ಆತು ಮನಿಯಾಗ" ಎಂದರು.

"ಬರ್ರಿ, ಕುಂದರ್ರಿ," ಎಂದು ಅವ್ವ ಕುರ್ಚಿ ತೋರಿಸಿದಳು. ಕಾಕಾ ಧೋತರ ಸರಿಮಾಡಿಕೊಂಡು ಕುರ್ಚಿಯ ಕೈ ಹಿಡಿದು ಬಾಗಿದರು. ಬಾಗಿದವರು ಹಾಗೆಯೇ ನಿಂತರು. ಎರಡು ಬೆರಳಿನಿಂದ ಆ ಕೆಂಪು ಪಟ್ಟಿಯನ್ನು ಮುಟ್ಟಿದರು. ಕಾಲು ತಾಗಬಾರದ್ದಕ್ಕೆ ತಾಗಿದಾಗ ಮಾಡುವಂತೆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು.

"ಇದನ್ನ ಯಾರು ಹೊಲಿದಿದ್ದು?"

ಅವ್ವ ಆಗ ನೋಡಿದಳು. ನನಗೂ ಆಗಲೇ ತಿಳಿಯಿತು. ನೀವು ನಂಬಿ, ನನ್ನ ಕೈ ಪರದೆಯ ಮೇಲಿತ್ತು. ಸರಿಸಿ ಎರಡು ಹೆಜ್ಜೆ ಹೊರಗೆ ಬಂದು, ನಾನ್ರಿ, ನನಗ ತಿಳೀಲಿಲ್ಲ ಎಂದಿದ್ದರೆ ಆಗುತ್ತಿತ್ತು. ಹದಿನಾರರ ಹುಡುಗಿಯ ತಿಳಿಗೇಡಿತನಕ್ಕೆ ಅವರು ಗದರಿ, ನಕ್ಕು ಬಿಡುತ್ತಿದ್ದರೋ ಏನೋ. ನಾನು ಪರದೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

"ನಾನ ರೀ ಅಣ್ಣಾರ," ಎಂದಳು ಅವ್ವ. "ಕಣ್ಣು ಮಂಜಾಗ್ಯಾವ. ಬಟ್ಟಿ ಯಾವುದಂತ ನೋಡ್ಲಿಲ್ಲ."

"ನೀವಾ?" ಎಂದರು ಕಾಕಾ. ಅಷ್ಟೇ. ಹೋಗಿ ನೆಲದ ಮೇಲೆ ಕೂತರು. ಸಂದೂಕದ ಮೇಲೆ ಕೂತಿದ್ದ ಹೆಂಡತಿಯೂ ಇಳಿದು ಪಕ್ಕದಲ್ಲಿ ಕೂತರು. ಕುರ್ಚಿ ನಡುವೆ ಖಾಲಿ ನಿಂತಿತ್ತು. ನನ್ನನ್ನು ಕರೆದರು, ನಾನು ಒಗ್ಗರಣೆಯ ತಾಟು ಹಿಡಿದು ಬಂದೆ. ಕಾಕಾ ತಲೆ ಎತ್ತದೆ ಕೇಳಿದರು:

"ಹೊಲಿಗಿ ಬರ್ತದೇನವ್ವಾ ನಿನಗ?"

ಎರಡನೆಯ ಸಲ ಬಾಗಿಲು ತೆರೆದಂತಾಗಿತ್ತು. "ಸ್ವಲ್ಪ ಬರ್ತದ್ರಿ" ಎಂದೆ. ಅವರು ಎರಡು ತುತ್ತು ತಿಂದರು, ಚಹಾ ಕುಡಿದರು, ಮರ್ಯಾದೆ ತಪ್ಪಲಿಲ್ಲ. ಬಿಸಿಲು ಇಳಿಯುವ ಮೊದಲೇ ಎದ್ದರು.

ಹದಿನೈದು ದಿನಕ್ಕೆ ಮಾನ್ವಿ ಕಡೆಯ ಬಂಡಿಯವನೊಬ್ಬನ ಕೈಯಲ್ಲಿ ಸುದ್ದಿ ಬಂತು, ಜಾತಕ ಕೂಡಲಿಲ್ಲ ಎಂದು. "ನಾವು ಜಾತಕ ಕೊಟ್ಟಿದ್ದು ಯಾವಾಗ?" ಎಂದಳು ಅವ್ವ, ಬಂಡಿಯವನು ಹೋದ ಮೇಲೆ. ಕಾಕಾ ನಿಜವಾಗಿ ಆಡಿದ ಮಾತು ದೇವದುರ್ಗದ ಬಳಗದವರ ಬಾಯಿಂದ ನಮಗೆ ಮುಟ್ಟಿತು: "ಸಣ್ಣ ಹುಡುಗಿ ಮಾಡಿದ್ರ ಬ್ಯಾರೆ ಮಾತು. ಅವನ ಹೇಣ್ತಿನ ಅದನ್ನ ಕುಂಡಿ ಕೆಳಗ ಹಾಸಿ, ಕುಂದ್ರು ಅಂದಳು ನನಗ."

ಅದನ್ನು ಕೇಳಿದ ದಿನ ನಾನು ಅವ್ವನ ಮುಂದೆ ಕೂತು ಅತ್ತೆ. ನೀನೇಕೆ ಹಾಗೆ ಹೇಳಿದೆ ಎಂದು ಅವಳನ್ನೇ ಬೈದೆ. ನನ್ನ ಬುದ್ಧಿ ನೋಡಿ.

"ನಿಂದಂದ್ರ ನೀ ಕೆಟ್ಟಾಕಿ ಆಗ್ತಿದ್ದಿ. ನಂದಂದ್ರ ಮುದುಕಿ ಮರತಾಳ ಅಂತಾರ ಅನ್ಕೊಂಡೆ," ಎಂದಳು.

"ಮಾನ್ವಿಗೆ ಹೋಗಿ ಹೇಳಿ ಬರೋಣು ನಡಿಯವ್ವಾ."

"ಈಗ ಹೇಳಿದ್ರ ಹುಡುಗಿ ಕೈಲೆ ಸುಳ್ಳು ಹೇಳಿಸ್ಯಾಳಂತಾರ. ಬಿಡು."

ಅವಳು ಮುಂದೆ ಒಂದು ದಿನವೂ ಎತ್ತಿ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ. ಬಾಗಿಲಲ್ಲಿ ಬೆಳಕಿಗೆ ಕುರ್ಚಿ ಎಳೆದುಕೊಂಡು, ಸೂಜಿಯ ಮೊನೆಯಿಂದ ಆ ಪಟ್ಟಿಯನ್ನು ಬಿಡಿಸಿ ತೆಗೆದು, ಆ ಜಾಗಕ್ಕೆ ಗೋಣಿಯ ತಟ್ಟು ಹಾಕಿದಳು. ಆ ಚಳಿಗಾಲದಲ್ಲಿ ಪರದೆ, ಝಾಲರಿ, ಗವಸು ಎಲ್ಲ ಸೇರಿಸಿ ಒಂದು ಕೌದಿ ಹೊಲಿದಳು. ನಮ್ಮಲ್ಲಿ ಕೌದಿಯ ಕೊನೆಯ ಬಾಯಿ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ, ಬೆಲ್ಲ ಇಡುತ್ತಾರೆ, ಕೌದಿ ಹಸಿದಿರಬಾರದೆಂದು. ಅವ್ವ ಅದರ ಜೊತೆಗೆ ಆ ನಾಲ್ಕು ಬೆರಳು ಪಟ್ಟಿಯನ್ನೂ ಮಡಚಿ ಇಟ್ಟು ಹೊಲಿದಳು. ಬಹಳ ವರ್ಷ ಅದನ್ನೇ ಹೊದ್ದಳು. ಅವಳು ಹೋದ ದಿನ ಹಾಸಿಗೆ ಹೊದಿಕೆಯೆಲ್ಲ ಅವಳ ಜೊತೆಗೇ ಹೋಯಿತು.

ಆ ಹುಡುಗನ ಮದುವೆ ಕವಿತಾಳದ ಕಡೆ ಆಯಿತಂತೆ. ನನಗೆ ಮತ್ತೆರಡು ಕಡೆಯಿಂದ ಕೇಳಿ ಬಂದರು, ಆದರೆ ಮಾನ್ವಿಯವರು ಯಾಕೆ ಬಿಟ್ಟರು ಎಂಬ ಪ್ರಶ್ನೆ ಅವರಿಗಿಂತ ಮೊದಲೇ ಬಂದು ಕೂತಿರುತ್ತಿತ್ತು. ಆಮೇಲೆ ನಾನು ಹೊಲಿಗೆ ಕಲಿಸುವ ಕೆಲಸಕ್ಕೆ ಸೇರಿದೆ. ಕಾಕಾನಿಗೆ ಬರೆಯಬೇಕೆಂದು ಎಷ್ಟೋ ಸಲ ಕಾರ್ಡು ತಂದೆ. ವಿಳಾಸ ಬರೆಯುವುದು ಸುಲಭವಿತ್ತು. ಅವರೂ ಹೋದರು.

ಇಷ್ಟು ಹೊತ್ತಿಗೆ ಶಾಂತಾ ಕೊನೆಯ ಪದರಕ್ಕೆ ಬಂದಿದ್ದಳು. ಅಪ್ಪನ ಧೋತರ, ಬಣ್ಣ ಹೋಗಿ ಮಣ್ಣಾಗಿದೆ. ಮುಂದೆ ಗೋಣಿಯ ತಟ್ಟು. ಅವೆರಡೂ ಕೂಡುವಲ್ಲಿ ಅವ್ವನ ಸೂಜಿಗೆ ಸಿಗದೆ ಉಳಿದ ನನ್ನ ಹೊಲಿಗೆಯ ನಾಲ್ಕಾರು ಕೆಂಪು ಎಳೆಗಳು, ಇನ್ನೂ ಕೆಂಪಾಗಿಯೇ ಇದ್ದವು. ಅಪ್ಪನ ತಲೆಗೆ ಅಷ್ಟೊಂದು ಸುತ್ತು ಬರುತ್ತಿದ್ದ ರುಮಾಲಿನಲ್ಲಿ ಉಳಿದದ್ದು ಇಷ್ಟು.

ಶಾಂತಾ ಕನ್ನಡಕ ಏರಿಸಿ ಬಾಗಿ ನೋಡಿದಳು. "ಟೀಚರ್, ಈ ಕೆಂಪು ಹೊಲಿಗಿ ನೋಡ್ರಿ, ಏನು ಸಣ್ಣದದ. ಇದನ್ನ ಯಾರು ಹೊಲಿದಿದ್ರಿ?"

ನಮ್ಮವ್ವ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಕುರ್ಚಿಯ ಬಗ್ಗೆ ಯಾರು ಕೇಳಿದರೂ ಇಷ್ಟು ವರ್ಷ ಅದನ್ನೇ ಹೇಳಿದ್ದೇನೆ.

"ನಾನವ್ವ," ಎಂದೆ. "ನಾನ ಹೊಲಿದಿದ್ದೆ. ನಮ್ಮವ್ವಗ ಗೊತ್ತಿದ್ದಿಲ್ಲ."

"ಛಲೋ ಹೊಲಿದೀರಿ," ಎಂದು ಶಾಂತಾ ಕತ್ತರಿ ಕೈಗೆ ತೆಗೆದುಕೊಂಡಳು.