ಜನವರಿಯಲ್ಲಿ ನಾನು ಅಂದದ್ದೇನು?

‘ಸಾರ್, ಜನವರಿಯಲ್ಲಿ ನೀವು ಬರೆದದ್ದು ಇಲ್ಲಿದೆ. ಓದಿಕೊಳ್ಳಿ.’

ಇಷ್ಟೇ. ಕೆಳಗೆ ನೀಲಿ ಬಣ್ಣದ ಒಂದು ಲಿಂಕ್. ಬರೆದವನ ಹೆಸರು ಅನಾಮಿಕ.

ಕಳೆದ ಮಂಗಳವಾರ ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಕೆಫೆಯಲ್ಲಿ ಆ ಲಿಂಕಿನ ಮೇಲೆ ಮೌಸ್ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಒತ್ತಲು ಧೈರ್ಯ ಬರಲಿಲ್ಲ. ಹೊರಗೆ ಕೊಟ್ಟೂರು ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಒಳಗೆ ಯುಪಿಎಸ್ ಕುಂಯ್ ಕುಂಯ್ ಅನ್ನುತ್ತಿತ್ತು. ಕರೆಂಟ್ ಹೋಗಿತ್ತು. ಇನ್ನು ಹತ್ತು ನಿಮಿಷದಲ್ಲಿ ಸ್ಕ್ರೀನ್ ಆರುತ್ತದೆ. ಆರಿದರೆ ಸಾಕು ಎಂದುಕೊಂಡೆ.

ವಿಷಯ ಇಷ್ಟು. ಅಮೆರಿಕದಲ್ಲಿ ಬ್ಯಾಂಕುಗಳು ಮುಗ್ಗರಿಸುತ್ತಿವೆ, ನಮ್ಮ ಶೇರು ಮಾರುಕಟ್ಟೆ ದಿನಕ್ಕಿಷ್ಟು ಕುಸಿಯುತ್ತಿದೆ ಎಂದು ನೀವೂ ಓದುತ್ತಿದ್ದೀರಿ. ಇದರ ಬಗ್ಗೆ ಒಂದು ಕನ್ನಡ ಬ್ಲಾಗಿನಲ್ಲಿ ಎರಡು ತಿಂಗಳಿನಿಂದ ದೊಡ್ಡ ಚರ್ಚೆ ನಡೆದಿದೆ. ಒಬ್ಬರು ಲೇಖನ ಹಾಕುತ್ತಾರೆ, ಕೆಳಗೆ ನೂರಾರು ಜನ ಕಾಮೆಂಟ್ ಹಾಕುತ್ತಾರೆ. ‘ಗೂಳಿ’ ಎಂಬುವವನು ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ. ‘ಬಡಪಾಯಿ’ ಎಂಬುವವನು ಈಗಲೇ ಎಲ್ಲ ತೆಗೆದುಕೊಂಡು ಓಡಿ ಅನ್ನುತ್ತಾನೆ. ಇನ್ನೊಬ್ಬ, ಕುಸಿದ ದಿನ ನನ್ನ ಆನ್‌ಲೈನ್ ಅಕೌಂಟೇ ತೆರೆಯಲಿಲ್ಲ, ಮಾರೋಣ ಅಂದರೆ ಬಟನ್ ಕೆಲಸ ಮಾಡಲಿಲ್ಲ ಎಂದು ಅಳುತ್ತಾನೆ. ಯಾರಿಗೂ ನಿಜವಾದ ಹೆಸರಿಲ್ಲ. ನನಗೂ ಇಲ್ಲ. ಅಲ್ಲಿ ನಾನು ‘ಹಗರಿ ದಂಡೆ’.

ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡಿ, ಪಿಯು ಹುಡುಗರಿಗೆ ಬೇಡಿಕೆ ಪೂರೈಕೆ ರೇಖೆ ಎಳೆದು ತೋರಿಸುತ್ತ, ವಾರಕ್ಕೊಮ್ಮೆ ಪತ್ರಿಕೆಗೆ ಈ ಅಂಕಣ ಬರೆಯುವ ಮನುಷ್ಯ ನಾನು. ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ಜಾತಕ ನಂಬುವುದಿಲ್ಲ, ಬಜೆಟ್ ಭಾಷಣ ನಂಬುವುದಿಲ್ಲ. ಅಂಥವನು ಸುಮ್ಮನಿರಬೇಕೋ ಬೇಡವೋ? ಸುಮ್ಮನಿರಲಿಲ್ಲ. ‘ಈ ಕುಸಿತದ ಬಗ್ಗೆ ನಾನು ಜನವರಿಯಲ್ಲೇ ಎಚ್ಚರಿಸಿದ್ದೆ, ಆಗ ಯಾರೂ ಕೇಳಲಿಲ್ಲ’ ಎಂದು ಸೋಮವಾರ ಕಾಮೆಂಟ್ ಹಾಕಿ, ಒಳ್ಳೆಯ ಊಟ ಮಾಡಿದವನ ಹಾಗೆ ಮನೆಗೆ ಹೋದೆ.

ಮಂಗಳವಾರ ಅನಾಮಿಕನ ಉತ್ತರ.

ಕೊನೆಗೆ ಲಿಂಕ್ ಒತ್ತಿದೆ. ಜನವರಿಯ ಒಂದು ಪುಟ ತೆರೆಯಿತು. ಅದೇ ಬ್ಲಾಗ್, ಅದೇ ಹಗರಿ ದಂಡೆ. ದಿನಾಂಕವಿದೆ, ಗಂಟೆ ಇದೆ, ನಿಮಿಷವೂ ಇದೆ. ‘ಹೆದರುಪುಕ್ಕಲರು ಬ್ಯಾಂಕಿನಲ್ಲಿ ದುಡ್ಡು ಕೊಳೆಹಾಕಲಿ. ಭಾರತದ ಬೆಳವಣಿಗೆಗೂ ಅಮೆರಿಕದ ನೆಗಡಿಗೂ ಸಂಬಂಧವಿಲ್ಲ. ಈಗ ಹಾಕದವರಿಗೆ ನನ್ನ ಸಂತಾಪ.’

ಇದನ್ನು ನಾನು ಬರೆದೆನೇ?

ನೆನಪಿಲ್ಲ. ಮರೆತೆ ಎಂದಲ್ಲ, ಅದರ ಉಲ್ಟಾ ಬರೆದ ನೆನಪು ಸ್ಪಷ್ಟವಾಗಿದೆ. ಎಚ್ಚರಿಸಿದ ನೆನಪು. ಎಚ್ಚರಿಸಿದಾಗಿನ ಗತ್ತು ಕೂಡ ನೆನಪಿದೆ. ಆದರೆ ‘ನೆಗಡಿ’ ನನ್ನದೇ ಪದ. ಕ್ಲಾಸಿನಲ್ಲಿ ವರ್ಷವೂ ಹೇಳುತ್ತೇನೆ.

ಕೆಫೆ ನಡೆಸುವ ಖಾಜಾನನ್ನು ಕರೆದು, ಮೆಲ್ಲಗೆ, ‘ಇದನ್ನ ಅಳಿಸೋಕೆ ಬರ್ತದೇನೋ?’ ಎಂದೆ.

ಅವನು ಬಗ್ಗಿ ನೋಡಿದ. ‘ಬರಂಗಿಲ್ರಿ ಸರ. ಬ್ಲಾಗು ಅವರದು. ನೀವು ಅವರ ಮನಿ ಗ್ವಾಡಿ ಮ್ಯಾಲೆ ಬರದು ಬಂದೀರಿ. ಅವರೇ ಸುಣ್ಣಾ ಹೊಡೀಬೇಕು.’

ಆಮೇಲೆ, ‘ಯಾರ್ರೀ ಸರ ಈ ಹಗರಿ ದಂಡಿ? ಭಾಳ ಜೋರು ಅದಾನ’ ಅಂದ.

ನನಗೆ ಹೇಗೆ ಗೊತ್ತು ಎಂದೆ. (ಅದು ಪೂರ್ತಿ ಸುಳ್ಳೂ ಅಲ್ಲ.)

ಇಷ್ಟಕ್ಕೇ ಇಷ್ಟು ಹೆದರಿಕೆಯೇ ಎಂದು ನೀವು ಕೇಳಬಹುದು. ಬ್ಲಾಗಿನಲ್ಲಿ ಮುಖವಿಲ್ಲದವನೊಬ್ಬ ಮುಖವಿಲ್ಲದವನ ಮುಂದೆ ಮುಖಭಂಗಪಟ್ಟರೆ ಏನು ಹೋಯಿತು? ಏನೂ ಹೋಗುತ್ತಿರಲಿಲ್ಲ, ಗಂಗಕ್ಕ ಇಲ್ಲದಿದ್ದರೆ.

ಗಂಗಕ್ಕ ನಮ್ಮೂರಿನಲ್ಲಿ ಖಾನಾವಳಿ ನಡೆಸುತ್ತಾರೆ. (ಹೆಸರು ಬದಲಿಸಿಲ್ಲ. ಬದಲಿಸಿದರೂ ಇಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.) ತವರು ನೀಲಗುಂದ. ಗಂಡ ತೀರಿಕೊಂಡ ಮೇಲೆ ಎರಡು ಒಲೆ ಹಚ್ಚಿ ಕೂತವರು, ಈಗ ಅವರ ಜೊತೆ ಮೂವರು ಹೆಂಗಸರು ರೊಟ್ಟಿ ಬಡಿಯುತ್ತಾರೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಹಡಗಲಿಯಿಂದ, ಕೂಡ್ಲಿಗಿಯಿಂದ ಬಂದು ಹೋಗುವ ನೌಕರರೆಲ್ಲ ಮಧ್ಯಾಹ್ನ ಅಲ್ಲಿಯೇ. ನಾನೂ ವಾರದಲ್ಲಿ ನಾಲ್ಕು ದಿನ.

ಆ ಖಾನಾವಳಿಯ ಕಟ್ಟಡದ ಮಾಲೀಕರು ಬರುವ ಯುಗಾದಿಗೆ ಹಳೆಯದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಅಡ್ವಾನ್ಸ್ ಮೊದಲು ಕೊಟ್ಟವರಿಗೆ ಕೆಳಗಿನ ಮಳಿಗೆ. ಕೊಡದವರಿಗೆ ಮಹಡಿ, ಇಲ್ಲವೇ ರಸ್ತೆ. ಮಹಡಿ ಮೇಲೆ ಕಟ್ಟಿಗೆ ಒಲೆ ಹಚ್ಚಲು ಬಿಡುತ್ತಾರೆಯೇ? ಗಂಗಕ್ಕ ಅದಕ್ಕೆಂದೇ ಕೂಡಿಟ್ಟ ಗಂಟನ್ನು ಈ ವರ್ಷದ ಮೊದಲಲ್ಲಿ ಮ್ಯೂಚುವಲ್ ಫಂಡಿಗೆ ಹಾಕಿದ್ದರು. ಈಗ ಅದು ಹೆಚ್ಚುಕಮ್ಮಿ ಅರ್ಧ.

ಹದಿನೈದು ದಿನದ ಹಿಂದೆ ನನ್ನ ತಟ್ಟೆಗೆ ಎರಡನೇ ರೊಟ್ಟಿ ಹಾಕುತ್ತ ಅವರು ಅಂದದ್ದು ಇದು: ‘ನಿಮ್ಮ ಧೈರ್ಯದ ಮ್ಯಾಲೆ ಹಾಕೀನ್ರಿ ಮೇಷ್ಟ್ರ. ಇಲ್ಲಾಂದ್ರ ನಮಗೇನು ತಿಳಿತೈತಿ?’

ಆರೋಪದ ದನಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಮನಸ್ಸಿನಲ್ಲೇ ಸಿಟ್ಟಾದೆ. ನನ್ನ ಧೈರ್ಯವೇ? ನಾನು ಬೇಡ ಅಂದವನಲ್ಲವೇ? ಇದೇ ಅಂಕಣದಲ್ಲಿ ಜನವರಿಯಲ್ಲಿ ಬೇಡ ಎಂದು ಬರೆದವನಲ್ಲವೇ? ಹೀಗೆಂದುಕೊಂಡು ಮಜ್ಜಿಗೆ ಕುಡಿದು ಎದ್ದು ಬಂದಿದ್ದೆ.

ಅನಾಮಿಕನ ಲಿಂಕ್ ನೋಡಿದ ಮೇಲೆ ಆ ಸಿಟ್ಟಿನ ಕಾಲಡಿಯ ನೆಲ ಹೋಯಿತು. ಬ್ಲಾಗಿನಲ್ಲಿ ಹಾಕು ಎಂದವನು ಅಂಕಣದಲ್ಲಿ ಏನೆಂದಿದ್ದೇನೆ? ಖಾನಾವಳಿಯಲ್ಲಿ ಬಾಯಿಬಿಟ್ಟು ಏನೆಂದಿದ್ದೇನೆ?

ಅಂಕಣವನ್ನಾದರೂ ನೋಡಬಹುದಿತ್ತು. ನನ್ನ ಹತ್ತಿರ ಹಳೆಯ ಪತ್ರಿಕೆ ಇಲ್ಲ. ಗಂಗಕ್ಕನ ಹತ್ತಿರ ಇದೆ.

ನಿಮಗೆ ಗೊತ್ತಿರಲಿ, ಖಾನಾವಳಿಯಲ್ಲಿ ಪಾರ್ಸೆಲ್ ರೊಟ್ಟಿ ಕಟ್ಟುವುದು ಹಳೆಯ ಪತ್ರಿಕೆಯಲ್ಲಿ. ರಾಜಕಾರಣಿಗಳು, ಕ್ರಿಕೆಟಿಗರು, ಸಿನಿಮಾ ತಾರೆಯರು ಎಲ್ಲರೂ ಗಂಗಕ್ಕನ ರೊಟ್ಟಿ ಹೊತ್ತು ಊರೂರಿಗೆ ಹೋಗಿದ್ದಾರೆ. ನನ್ನ ಅಂಕಣ ಮಾತ್ರ ಹೋಗುವುದಿಲ್ಲ. ಅದನ್ನು ಹರಿದು, ಕಿರಾಣಿ ಚೀಟಿ, ಕರೆಂಟ್ ಬಿಲ್ ಚುಚ್ಚುವ ತಂತಿಗೆ ಚುಚ್ಚಿಡುತ್ತಾರೆ. ಒಲೆಯ ಹೊಗೆಗೆ ನನ್ನ ಫೋಟೋ ವಾರವಾರಕ್ಕೂ ಕಪ್ಪಾಗುತ್ತದೆ.

ಬುಧವಾರ ಊಟದ ಗದ್ದಲ ಮುಗಿದ ಮೇಲೆ ಹೋದೆ.

‘ಕುಂದರ್ರಿ ಮೇಷ್ಟ್ರ. ಇಷ್ಟೊತ್ತಿಗೆ? ರೊಟ್ಟಿ ತಣ್ಣಗಾಗ್ಯಾವ.’

‘ಊಟ ಆಗೈತಿ ಗಂಗಕ್ಕ. ಆ ತಂತಿ ಸ್ವಲ್ಪ ಕೊಡ್ರಿ.’

ಕೆಳಗಿನದು ನೋಡಬೇಕೆಂದರೆ ಮೇಲಿನವನ್ನೆಲ್ಲ ಬಿಚ್ಚಬೇಕು. ಅಕ್ಟೋಬರ್, ಸೆಪ್ಟೆಂಬರ್, ನಡುವೆ ಕಟ್ಟಿಗೆ ರಸೀದಿ, ಬೆಲ್ಲದ ಚೀಟಿ, ಮತ್ತೆ ನಾನು. ಜನವರಿ ಸಿಕ್ಕಿತು. ಓದಿದೆ. ‘ಏರುತ್ತಿರುವ ಮಾರುಕಟ್ಟೆಗೆ ಕೂಡಿಟ್ಟ ಕಾಸು ಹಾಕುವ ಮುನ್ನ ನೂರು ಸಲ ಯೋಚಿಸಿ. ಸಾಮಾನ್ಯರ ಜಾಗ ಅದಲ್ಲ.’

ಉಸಿರು ಬಂತು. ಬರೆದಿದ್ದೇನೆ. ಬೇಡ ಅಂದಿದ್ದೇನೆ.

ಮರುಕ್ಷಣವೇ ದಿನಾಂಕ ನೋಡಿದೆ. ಬ್ಲಾಗಿನಲ್ಲಿ ಸಂತಾಪ ಸೂಚಿಸಿದ ಅದೇ ವಾರ. ಒಬ್ಬನೇ ಮನುಷ್ಯ, ಒಂದೇ ವಾರ. ಫೋಟೋ ಇರುವ ಕಡೆ ಎಚ್ಚರ, ಫೋಟೋ ಇಲ್ಲದ ಕಡೆ ಜೋರು. ಎರಡರಲ್ಲಿ ನಾನು ನೆನಪಿಟ್ಟುಕೊಂಡದ್ದು ನನಗೆ ಮರ್ಯಾದೆ ತರುವ ಒಂದನ್ನು. ನೀವೂ ಹೀಗೆಯೇ ಇದ್ದೀರೋ, ನಾನೊಬ್ಬನೇ ಹೀಗೋ?

ಆದರೂ ಕೈಯಲ್ಲಿ ಸಾಕ್ಷಿ ಇತ್ತಲ್ಲ, ಬಿಡಲಿಲ್ಲ. ಗಂಗಕ್ಕನಿಗೆ ಓದಿ ಹೇಳಿದೆ.

ಅವರು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಪೂರ್ತಿ ಕೇಳಿದರು. ‘ಚಲೋ ಬರದೀರಿ. ಯಾವಾಗ ಬರದ್ರಿ ಇದನ್ನ?’

‘ಜನವರಿಯಲ್ಲಿ. ನಿಮ್ಮ ತಂತಿಯಲ್ಲೇ ಇತ್ತಲ್ಲ. ನೀವು ಓದಿಲ್ಲೇನು?’

‘ಓದಾಕ ಪುರುಸೊತ್ತೆಲ್ಲಿ ಐತ್ರಿ? ನಿಮ್ಮ ಫೋಟೋ ಐತಿ, ಅದ್ರಾಗ ರೊಟ್ಟಿ ಕಟ್ಟಾಕ ಮನಸು ಬರಂಗಿಲ್ಲ. ಅದಕ್ಕ ತೆಗೆದಿಡ್ತೀನಿ.’

‘ಮತ್ತೆ ನನ್ನ ಧೈರ್ಯದ ಮೇಲೆ ಹಾಕಿದೆ ಅಂದ್ರಿ? ನಾನು ನಿಮಗೆ ಯಾವಾಗ ಹೇಳಿದೆ?’

‘ನೀವೇನೂ ಹೇಳಿಲ್ಲ ಬಿಡ್ರಿ’ ಎಂದರು ಗಂಗಕ್ಕ, ತೀರಾ ಸಲೀಸಾಗಿ. ‘ನೀವು ಸಹಿ ಮಾಡಿದ್ರಿ. ಆ ಮೂಲಿ ಟೇಬಲ್‌ನಾಗ.’

ಹೇಳುತ್ತೇನೆ. ನಮ್ಮಲ್ಲಿ ಫಂಡಿನ ಏಜೆಂಟ್ ವೀರೇಶನಿಗೆ ಆಫೀಸು ಎಂದರೆ ಗಂಗಕ್ಕನ ಖಾನಾವಳಿ. ನೌಕರರು ಕೈಗೆ ಸಿಗುವುದು ಮಧ್ಯಾಹ್ನ ಅಲ್ಲಿ ಮಾತ್ರ. ರೊಟ್ಟಿ ಬೇಯುವುದರೊಳಗೆ ಅವನು ಒಂದು ಫಾರಂ ತುಂಬಿಸಿರುತ್ತಾನೆ. ನಾನೂ ಅವನ ಕೈಯಲ್ಲಿ ಫಂಡು ತೆಗೆದುಕೊಂಡವನೇ. ಆದರೆ ನಾನು ಸಹಿ ಮಾಡಿದ್ದು ಮನೆಯ ಪಡಸಾಲೆಯಲ್ಲಿ, ಮಾರ್ಚ್ ತಿಂಗಳಲ್ಲಿ. ಹಾಗೆಂದು ನನ್ನ ನೆನಪು.

‘ಇಲ್ಲ ಗಂಗಕ್ಕ, ಮನೆಯಲ್ಲಿ ಮಾಡಿದ್ದು.’

‘ಅಯ್ಯ, ನಿಮ್ಮ ಪೆನ್ನು ನಡೀಲಿಲ್ಲ. ಕೊಡವಿ ಕೊಡವಿ ಗ್ವಾಡಿಗೆ ಇಂಕು ಸಿಡಿಸಿದ್ರಿ, ನೋಡ್ರಿ ಅಲ್ಲೇ ಐತಿ. ಆಮ್ಯಾಲೆ ನನ್ನ ಹಸಿರು ಟೊಪ್ಪಿಗಿ ಪೆನ್ನು ಇಸ್ಕೊಂಡ್ರಿ. ತಿರುಗಿ ಕೊಡ್ಲೇ ಇಲ್ಲ.’ ಒಲೆಯ ಹತ್ತಿರದ ಹೆಂಗಸರು ನಕ್ಕರು. ‘ಸಂಕ್ರಾಂತಿ ಆಗಿ ನಾಕು ದಿನ ಆಗಿತ್ತು. ನಿಮ್ಮ ತಟ್ಯಾಗ ಸಜ್ಜಿ ರೊಟ್ಟಿ ಇತ್ತು. ಎಂ.ಎ. ಓದಿದವರು, ಪೇಪರ್‌ನಾಗ ಬರಿಯೋರು, ಹಿಂದ ಮುಂದ ನೋಡದ ಸಹಿ ಹಾಕ್ಯಾರ ಅಂದ್ರ ಇನ್ನೇನು ಅನಮಾನ ಅಂತ ಮರುದಿನ ನಾನೂ ಹಾಕಿದೆ.’

ಹಸಿರು ಕ್ಯಾಪಿನ ಒಂದು ಪೆನ್ನು ನನ್ನ ಡ್ರಾಯರಿನಲ್ಲಿದೆ. ಎಲ್ಲಿಂದ ಬಂತೆಂದು ಇಷ್ಟು ದಿನ ಯೋಚಿಸಿರಲಿಲ್ಲ.

ಹತ್ತು ತಿಂಗಳು ವಾರಕ್ಕೊಂದು ಪುಟ ಬರೆದಿದ್ದೇನೆ. ಬ್ಲಾಗಿನಲ್ಲಿ ಎಷ್ಟು ಜಗಳ ಆಡಿದ್ದೇನೋ ಅನಾಮಿಕನೇ ಬಲ್ಲ. ಒಂದಕ್ಷರವನ್ನೂ ಗಂಗಕ್ಕ ಓದಿಲ್ಲ. ಅವರು ಓದಿದ್ದು ನನ್ನ ಕೈಯನ್ನು. ಬರೆಯುವಾಗ ಹತ್ತು ಸಲ ತಿದ್ದುತ್ತೇನೆ. ಸಹಿ ಮಾಡುವಾಗ ಯಾರು ನೋಡುತ್ತಾರೆ ಎಂದು ಒಮ್ಮೆಯಾದರೂ ತಲೆ ಎತ್ತಿದ್ದೆನೇ?

ಇಲ್ಲಿಗೆ ಮುಗಿದಿದ್ದರೆ ಇದು ಒಂದು ತಮಾಷೆಯ ಅಂಕಣ ಆಗುತ್ತಿತ್ತು. ಮುಗಿಯಲಿಲ್ಲ. ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಗಂಗಕ್ಕ ಬಾಗಿಲಿಗೆ ಬಂದರು. ದನಿ ಇಳಿಸಿದರು.

‘ವೀರೇಶಪ್ಪ ಇನ್ನೂ ಇಳಿತೈತಿ ಅಂತಾನ, ಇಲ್ಲ ಏರ್ತೈತಿ ಅಂತಾನ. ಒಂದು ನಮೂನಿ ಹೇಳಂಗಿಲ್ಲ. ನನಗ ರಾತ್ರಿ ನಿದ್ದಿ ಇಲ್ರಿ. ಆದ್ರ ಒಂದ ಸಮಾಧಾನ. ನಿಮ್ದೂ ಅದ್ರಾಗ ಐತಲ್ಲ?’

ನಿಮ್ಮದೂ ಅದರಲ್ಲೇ ಇದೆಯಲ್ಲ.

ಈ ಅಂಕಣದಲ್ಲಿ ನನ್ನ ನೆನಪನ್ನು ನೀವು ನಂಬಬೇಕಾಗಿಲ್ಲ. ಆದರೆ ಒಂದು ಮಾತ್ರ ನನಗೆ ಖಚಿತ ಗೊತ್ತು, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿದೆ. ‘ಬಡಪಾಯಿ’ ಓಡಿ ಓಡಿ ಎಂದು ಬ್ಲಾಗಿನಲ್ಲಿ ಕೂಗಿದ್ದನ್ನು ನಾಲ್ಕು ದಿನ ಓದಿ, ಐದನೇ ದಿನ ವೀರೇಶನನ್ನು ಕಾಲೇಜಿಗೇ ಕರೆಸಿಕೊಂಡು, ಸ್ಟಾಫ್ ರೂಮಿನ ಬಾಗಿಲು ಹಾಕಿ, ನನ್ನದನ್ನು ಪೂರ್ತಿ ತೆಗೆದುಬಿಟ್ಟೆ. ಮೂರು ವಾರ ಆಯಿತು. ಯಾರಿಗೂ ಹೇಳಬೇಡ ಎಂದು ವೀರೇಶನಿಗೆ ಹೇಳಿದೆ. ಹಾಕುವಾಗ ಖಾನಾವಳಿ, ತೆಗೆಯುವಾಗ ಬಾಗಿಲು ಹಾಕಿದ ಕೋಣೆ. ಬ್ಲಾಗಿನಲ್ಲಿ ‘ಎಚ್ಚರಿಸಿದ್ದೆ’ ಎಂದು ಬರೆದ ಸೋಮವಾರ ನನ್ನದು ಒಂದು ಕಾಸೂ ಮಾರುಕಟ್ಟೆಯಲ್ಲಿರಲಿಲ್ಲ.

ಗಂಗಕ್ಕನಿಗೆ ಏನು ಉತ್ತರ ಕೊಟ್ಟೆ?

ನಿಜ ಹೇಳುತ್ತೇನೆ, ಗೊತ್ತಿಲ್ಲ. ನಿನ್ನೆಯ ಮಾತು ಇದು, ಜನವರಿಯದಲ್ಲ. ಬಗ್ಗಿ ಚಪ್ಪಲಿಯ ಉಂಗುಷ್ಠಕ್ಕೆ ಬೆರಳು ತೂರಿಸುತ್ತಿದ್ದೆ. ಏನೂ ಅನ್ನಲಿಲ್ಲ ಎಂದು ನನ್ನ ನೆನಪು. ಆದರೆ ಅವರ ಮುಖ ಸ್ವಲ್ಪ ಹಗುರಾಯಿತಲ್ಲ, ಯಾಕೆ? ತಲೆ ಆಡಿಸಿದೆನೇ? ಹೂಂ ಅಂದೆನೇ?

ರಾತ್ರಿಯೆಲ್ಲ ಎರಡೂ ಕಡೆಯಿಂದ ಹೆದರಿದೆ. ಹೇಳದಿದ್ದರೆ ಅವರದು ಅಲ್ಲೇ ಇರುತ್ತದೆ, ಇನ್ನೂ ಇಳಿದರೆ ಯುಗಾದಿಗೆ ಮಳಿಗೆ ಇಲ್ಲ, ನಾಲ್ಕು ಹೆಂಗಸರ ಒಲೆ ಇಲ್ಲ. ಹೇಳಿದರೆ? ಮೇಷ್ಟ್ರು ತೆಗೆದಾರ ಎಂದು ಮರುದಿನವೇ ಅವರೂ ತೆಗೆಯುತ್ತಾರೆ, ಅರ್ಧಕ್ಕೇ. ಆಮೇಲೆ ಏರಿದರೆ? ಗೂಳಿ ಹೇಳಿದ್ದೇ ಸರಿಯಾದರೆ? ಅರ್ಥಶಾಸ್ತ್ರದ ಯಾವ ಪುಸ್ತಕದಲ್ಲೂ ಇದಕ್ಕೆ ರೇಖೆ ಇಲ್ಲ. ಹೇಳಿದರೂ ಸಲಹೆ, ಸುಮ್ಮನಿದ್ದರೂ ಸಲಹೆ. ಅವರು ನನ್ನ ಮಾತು ಕೇಳುವುದಿಲ್ಲ, ನನ್ನ ಕೈ ನೋಡುತ್ತಾರೆ. ಆ ಕೈ ಈಗ ಜೇಬಿನಲ್ಲಿ ಅಡಗಿದೆ.

ಈ ಅಂಕಣ ಇವತ್ತು, ಗುರುವಾರ, ಕಳಿಸಬೇಕು, ಭಾನುವಾರ ಅಚ್ಚಾಗುತ್ತದೆ, ಸೋಮವಾರ ತಂತಿಗೆ ಏರುತ್ತದೆ. ಏರಿದ ಮೇಲೆ ಅದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯ ಈಗ ನನಗಿದೆ. ಹೇಳಿಯೂ ಹೇಳದ ಹಾಗೆ ಇರಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಹಾಗಾಗಬಾರದೆಂದು ಇದನ್ನು ಕಳಿಸಿದ ಕೂಡಲೇ, ಪಾಸ್‌ಬುಕ್ಕು ಮತ್ತು ಹಸಿರು ಪೆನ್ನು ತೆಗೆದುಕೊಂಡು ಖಾನಾವಳಿಗೆ ಹೊರಡುತ್ತೇನೆ.

ಹೋಗಿದ್ದೆನೋ ಇಲ್ಲವೋ ಎಂದು ಮುಂದೆ ನನ್ನನ್ನು ಕೇಳಬೇಡಿ, ಗಂಗಕ್ಕನನ್ನು ಕೇಳಿ.