ಕಡಲ ಕೆಸರಿಗಿಳಿದ ಜಾನ್ ಬೀ

ಮದ್ದೂರಿನ ಜಾನ್ ಬೀ ರವಿಕೆ ಹೊಲಿದು ಜೀವನ ಮಾಡುತ್ತಿದ್ದವಳು. ಗಂಡ ಫಕ್ರುದ್ದೀನ್ ಲಾರಿ ಮೆಕ್ಯಾನಿಕ್ಕು. ಒಂದು ಮಳೆಗಾಲ ಶಿಂಷಾ ಹೊಳೆ ದಾಟುವಾಗ ಪ್ರವಾಹಕ್ಕೆ ಸಿಕ್ಕಿ ಕೊಚ್ಚಿಹೋದ. ಮಕ್ಕಳಿರಲಿಲ್ಲ. ಆಮೇಲೆ ಅವಳು ಹೊಳೆಯ ಕಡೆ ತಲೆ ಹಾಕಿದವಳಲ್ಲ. ಬಟ್ಟೆ ಒಗೆಯುವುದೂ ಬಾವಿಕಟ್ಟೆಯಲ್ಲೇ ಆಯಿತು.

ಅವಳಲ್ಲಿ ರವಿಕೆ ಹೊಲಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ದೇವಿರಮ್ಮನವರೂ ಒಬ್ಬರು. ನಿಡಘಟ್ಟದ ದೊಡ್ಡ ಒಕ್ಕಲು ಮನೆತನದವರು, ಮದುವೆ ಬೇಡವೆಂದು ಓದಿದವರು. ಅವರಿಗೆ ಹಕ್ಕಿಯ ಹುಚ್ಚು. ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಕೆರೆ ಏರಿಯ ಮೇಲೆ ಕೂತಿರುತ್ತಿದ್ದರು. ೧೯೩೮ರ ದಸರಾ ರಜೆಗೆ ಉತ್ತರದ ಕಚ್ಛ್ ಕೊಲ್ಲಿಗೆ ಹೋಗಿ, ಅಲ್ಲಿನ ಕಡಲ ಕೆಸರಿನಲ್ಲಿ ಇಳಿಯುವ ರಾಜಹಂಸಗಳನ್ನು ನೋಡಬೇಕೆಂದು ನಿಶ್ಚಯಿಸಿದರು. ಒಂಟಿ ಹೆಂಗಸು ಅಷ್ಟು ದೂರ ಹೋಗುವುದು ಹೇಗೆ? ಹಿಂದೂಸ್ತಾನಿಯೂ ಬಾರದು. ಅದು ಬಲ್ಲ ಜಾನ್ ಬೀಯನ್ನು ಜೊತೆಗೆ ಕರೆದರು.

ಹಕ್ಕಿ ನೋಡಲು ಯಾರಾದರೂ ರೈಲು ಹತ್ತುತ್ತಾರೆಯೇ ಎಂದು ಮೈದುನ ನಯಾಜ್ ಪಾಷಾ ರೇಗಿದ. ಜಾನ್ ಬೀಗೂ ಹಾಗೇ ಅನ್ನಿಸಿತ್ತು. ಆದರೆ ಗಂಡ ಹೋದ ಮೇಲೆ ಅವಳನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ, ಬುರ್ಖಾ ತೊಟ್ಟು ಹೊರಟೇಬಿಟ್ಟಳು.

ರೈಲಿನ ಮೇಲೆ ರೈಲು ಬದಲಿಸಿ, ಕೊನೆಗೆ ಎತ್ತಿನ ಗಾಡಿಯಲ್ಲಿ ಬೆಸ್ತರ ಹಳ್ಳಿಯೊಂದನ್ನು ಸೇರಿದರು. ಸಮುದ್ರ ಹಿಂದೆ ಸರಿದಿತ್ತು. ಕಣ್ಣು ಹಾಯುವವರೆಗೂ ಬೂದು ಕೆಸರು, ಅದರಂಚಿನಲ್ಲೊಂದು ನಸುಗೆಂಪು ಗೆರೆ. ದುರ್ಬೀನಿನಲ್ಲಿ ನೋಡಿದರೆ ಗೆರೆಯೆಲ್ಲ ಹಕ್ಕಿ. ಉದ್ದ ಕಾಲಿನವು, ಕೊಕ್ಕನ್ನು ಕೆಸರಲ್ಲಿ ಆಡಿಸುತ್ತ ಮೇಯುತ್ತಿದ್ದವು. ಜಾನ್ ಬೀ ಬಹಳ ಹೊತ್ತು ದುರ್ಬೀನು ಹಿಂದಿರುಗಿಸಲಿಲ್ಲ.

ಮರುದಿನ, ಬೆಸ್ತರು ಬೇಡವೆಂದರೂ ಕೇಳದೆ, ಇನ್ನಷ್ಟು ಹತ್ತಿರದಿಂದ ನೋಡುವ ಆಸೆಗೆ ದೇವಿರಮ್ಮ ಕೆಸರಿಗಿಳಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತೊಡೆಯವರೆಗೆ ಹೂತುಹೋದರು. ಕಾಲು ಕಿತ್ತಷ್ಟೂ ಕುಸಿಯಿತು. ಅತ್ತ ಸಮುದ್ರ ಮತ್ತೆ ಏರತೊಡಗಿತ್ತು. ದಡದಲ್ಲಿದ್ದ ಜಾನ್ ಬೀ ಕೂಗಿದಳು. ಬೆಸ್ತರು ದೂರದಲ್ಲಿದ್ದರು.

"ನೀ ಬರಬ್ಯಾಡ ಜಾನ್ ಬೀ, ನೀನೂ ಊತ್ಕತ್ತೀಯ," ಎಂದರು ದೇವಿರಮ್ಮ.

ನೀರು ಹರಿದು ಬರುವುದನ್ನು ಕಂಡು ಜಾನ್ ಬೀ ಎರಡು ಹೆಜ್ಜೆ ಹಿಂದೆ ಸರಿದಳು. ಆದರೆ ಅಲ್ಲಿನ ಹೆಂಗಸರು ಹಲಗೆಯ ಮೇಲೆ ಮಲಗಿ ಕೆಸರು ದಾಟುವುದನ್ನು ಹಿಂದಿನ ದಿನ ನೋಡಿದ್ದಳು. ಹತ್ತಿರದಲ್ಲಿ ಹಲಗೆ ಇರಲಿಲ್ಲ. ಬುರ್ಖಾ ಕಳಚಿ ಕೈಗೆ ತೆಗೆದುಕೊಂಡು, ಬೋರಲು ಮಲಗಿ ತೆವಳಿಕೊಂಡೇ ಹೋದಳು. ದೇವಿರಮ್ಮನ ಮುಂದೆ ಅದನ್ನು ಹಾಸಿದಳು.

"ಕಾಲು ಕೀಳಬ್ಯಾಡಿ ಅಮ್ಮಾವ್ರೆ. ಇದ್ರ ಮ್ಯಾಲೆ ಮಕಾಡೆ ಮಲೀಕಳಿ, ನಾ ಎಳೀತೀನಿ."

ಒಂದು ಕಾಲು ಬಂತು. ಇನ್ನೊಂದು ಬರುವಾಗ ಮಂಡಿ ತಿರುಚಿಕೊಂಡಿತು. ಇಬ್ಬರೂ ತೆವಳುತ್ತಿದ್ದಂತೆ ನೀರು ಪಾದ ಮುಟ್ಟಿತು. ಅಷ್ಟರಲ್ಲಿ ಬೆಸ್ತರು ಓಡಿಬಂದು ಎಳೆದುಕೊಂಡರು. ಗುರುತಿಲ್ಲದ ಗಂಡಸರ ನಡುವೆ ತಲೆಯ ಮೇಲೆ ಬಟ್ಟೆಯಿಲ್ಲದೆ ಕೂತಿದ್ದ ಜಾನ್ ಬೀಗೆ ಮುದುಕಿಯೊಬ್ಬಳು ತನ್ನ ಓಢಣಿ ಹೊದಿಸಿದಳು. ಆಗ ಅವಳಿಗೆ ಅಳು ಬಂತು.

"ಅವ್ರು ಒಳೇಲಿ ಕೊಚ್ಕಂಡೋದಾಗ ದಡದಾಗೆ ಯಾರೂ ಇರ್ನಿಲ್ಲ ಅಮ್ಮಾವ್ರೆ," ಎಂದಳು. ದೇವಿರಮ್ಮ ಅವಳ ಕೈ ಹಿಡಿದುಕೊಂಡರು.

ಊರಿಗೆ ಬಂದ ಮೇಲೆ ಬುರ್ಖಾ ತೆಗೆದ ಸುದ್ದಿ ಕೇಳಿ ನಯಾಜ್ ಮಾತು ಬಿಟ್ಟ. ದೇವಿರಮ್ಮ ಕುಂಟಿಕೊಂಡೇ ಅವನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಸಂಜೆ ಅವನೇ ಅತ್ತಿಗೆಗೆ ಹೊಸ ಬುರ್ಖಾ ಹೊಲಿದುಕೊಳ್ಳಲು ಕರಿಬಟ್ಟೆ ತಂದುಕೊಟ್ಟ.

ದೇವಿರಮ್ಮನಿಗೆ ಮಳವಳ್ಳಿಗೆ ವರ್ಗವಾಯಿತು. ಮಂಡಿ ಸರಿಹೋಗಿರಲಿಲ್ಲ. ಜೊತೆಗೆ ಬರುತ್ತೀಯಾ ಎಂದು ಕೇಳಿದರು. ಜಾನ್ ಬೀ ಮಿಷನ್ನು ಗಾಡಿಗೇರಿಸಿಕೊಂಡು ಹೊರಟಳು. ಇಬ್ಬರೂ ಒಂದೇ ಮನೆಯಲ್ಲಿ, ಬೇರೆ ಬೇರೆ ಒಲೆ ಹೂಡಿಕೊಂಡು ಇದ್ದರು. ಮೊದಮೊದಲು ಆಡಿಕೊಂಡ ಮಳವಳ್ಳಿಯ ಹೆಂಗಸರೇ ಆಮೇಲೆ ರವಿಕೆ ಬಟ್ಟೆ ತರತೊಡಗಿದರು. ಯುದ್ಧ ಬಂದು ಮತ್ತೆ ಉತ್ತರಕ್ಕೆ ಹೋಗುವುದು ಆಗಲೇ ಇಲ್ಲ. ಆದರೆ ಚಳಿಗಾಲಕ್ಕೆ ಬಾತುಗಳು ಬಂದಿಳಿದರೆ ಇಬ್ಬರೂ ಕೆರೆಗೆ ಹೋಗುತ್ತಿದ್ದರು. ದೇವಿರಮ್ಮ ಏರಿಯ ಮೇಲೆ ಕೂರುವರು. ಜಾನ್ ಬೀ ದುರ್ಬೀನು ಹಿಡಿದು ನೀರಿಗಿಳಿದು ಮೊಣಕಾಲುದ್ದಕ್ಕೆ ನಿಲ್ಲುವಳು. ಬಿಸಿಲೇರಿತು ಬಾ ಎಂದು ದೇವಿರಮ್ಮ ಎಷ್ಟು ಕರೆದರೂ ಬೇಗ ಬರುತ್ತಿರಲಿಲ್ಲ.