ಲಿಫ್ಟಕ್ಕ ಹೊಳೆ ದಾಟಿಸಿದ್ದು

ಹನ್ನೆರಡು ಮಹಡಿಯ ಆ ಸರ್ಕಾರಿ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಲಿಫ್ಟಕ್ಕ ಎಂದೇ. ಇಪ್ಪತ್ತೊಂಬತ್ತು ವರ್ಷ ಮೂಲೆಯ ಸ್ಟೂಲಿನ ಮೇಲೆ ಕೂತು, "ಯಾವ ಮಹಡಿ?" ಎಂದು ಕೇಳಿ, ಗುಂಡಿ ಒತ್ತಿ, ಜನರನ್ನು ಹತ್ತಿಸಿ ಇಳಿಸಿದವಳು. ಕಿಟಕಿಯಿಲ್ಲದ ಆ ಡಬ್ಬಿಯೊಳಗೆ ಹೊತ್ತು ಕಳೆಯಲು ಅವಳಿಗಿದ್ದ ದಾರಿ ಒಂದೇ, ಗಾಳಿಗೋಪುರ ಕಟ್ಟುವುದು. ಆದರೆ ಎಷ್ಟೆಂದು ಕಟ್ಟಲಾದೀತು? ಕೆಳಗಿನಿಂದ ಹನ್ನೆರಡಕ್ಕೆ ಐವತ್ತೇ ಸೆಕೆಂಡು. ಮನಸ್ಸಿನಲ್ಲಿ ಅವಳು ಹಡಗು ಹತ್ತುವಷ್ಟರಲ್ಲಿ ಏಳನೆಯ ಮಹಡಿಯ ಗುಮಾಸ್ತ ಗಂಟೆ ಒತ್ತುತ್ತಿದ್ದ. ಹಡಗು ಅಲ್ಲೇ ಮುಳುಗುತ್ತಿತ್ತು.

ನಿವೃತ್ತಿಯಾದ ಮರುವಾರವೇ ಅವಳು ಸೈಕಲ್ ಕಲಿಯಲು ಹೊರಟಾಗ ನೆಂಟರಿಷ್ಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಎರಡು ಸಲ ಚರಂಡಿಗೆ ಬಿದ್ದು, ಒಂದು ಸಲ ಪಕ್ಕದ ಮನೆಯ ಗೇಟಿಗೆ ಗುದ್ದಿ ಕಲಿತೇಬಿಟ್ಟಳು. ವರ್ಷ ತುಂಬುವ ಮೊದಲೇ, ಸಮುದ್ರದಂಡೆಯ ಊರಿನಲ್ಲಿದ್ದ ತಂಗಿಯ ಮನೆಗೆ ಸೈಕಲ್ಲಿನಲ್ಲೇ ಹೋಗುತ್ತೇನೆ, ಒಬ್ಬಳೇ, ಹನ್ನೊಂದು ದಿನದ ದಾರಿ, ಎಂದು ಸಾರಿದಳು. ಗಂಡ ವಾಚ್ ರಿಪೇರಿ ಮಾಡುವವನು. ಮಾತನ್ನು ಎಣ್ಣೆಯ ಹಾಗೆ ಹನಿ ಹನಿಯಾಗಿ ಬಳಸುವ ಮನುಷ್ಯ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಹೆಂಡತಿಯ ಮುಖ ನೋಡಿದ.

"ಬೇಡ ಅಂದ್ರೆ ನಿಲ್ತೀಯಾ?"

"ಇಲ್ಲ ರೀ."

"ಹಾಗಾದ್ರೆ ಸೈಕಲ್ ಒಳಗೆ ತಾ. ಬ್ರೇಕ್ ನೋಡ್ತೀನಿ."

ಈಗ ಹೇಳಹೊರಟದ್ದು ಆ ಪ್ರಯಾಣದ ಆರನೆಯ ದಿನದ ಸಂಗತಿ. ಬೆಳಗಿನ ಬಿಸಿಲು ಹಿತವಾಗಿತ್ತು, ಗಾಳಿ ಬೆನ್ನ ಹಿಂದಿತ್ತು, ರಸ್ತೆಯ ಎರಡೂ ಕಡೆ ಕಣ್ಣು ಹಾಯುವವರೆಗೆ ಸೂರ್ಯಕಾಂತಿ. ಪೆಡಲ್ ತನ್ನಷ್ಟಕ್ಕೆ ತಿರುಗುತ್ತಿತ್ತು. ತಡೆಯಲು ಯಾವ ಗಂಟೆಯೂ ಇಲ್ಲವಾದ್ದರಿಂದ ಲಿಫ್ಟಕ್ಕನ ಗಾಳಿಗೋಪುರ ಅಂದು ಮಹಡಿಯ ಮೇಲೆ ಮಹಡಿಯಾಗಿ ಏರಿತು. ಅವಳು ಸೈಕಲ್ ಮೇಲೆ ಇಡೀ ಭೂಮಿ ಸುತ್ತಿ ಬಂದಿದ್ದಾಳೆ. ರೇಡಿಯೋದವರು ಮನೆಬಾಗಿಲಿಗೆ ಬಂದು ಸಂದರ್ಶನ ಕೇಳುತ್ತಿದ್ದಾರೆ. "ನಿಮ್ಮ ಗೆಲುವಿನ ಗುಟ್ಟೇನು?"

"ಗುಟ್ಟೇನಿಲ್ಲಪ್ಪ, ಮಂಡಿಗೆ ಎಣ್ಣೆ, ಚೈನಿಗೂ ಎಣ್ಣೆ!" ಎಂದು ಅವಳು ಗಟ್ಟಿಯಾಗಿಯೇ ಉತ್ತರ ಕೊಟ್ಟಳು.

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದವನೊಬ್ಬ ತಲೆಯೆತ್ತಿದ. "ನಂಗೆ ಹೇಳಿದ್ರಾ ಅಮ್ಮಾ?"

"ಇಲ್ಲಣ್ಣ, ರೇಡಿಯೋದವರ ಹತ್ರ ಮಾತಾಡ್ತಿದ್ದೆ."

ಅವನು ಕುಡುಗೋಲು ಕೆಳಗಿಟ್ಟು ಸೈಕಲ್ಲಿನ ಮೇಲೆ ರೇಡಿಯೋ ಎಲ್ಲಿದೆ ಎಂದು ಹುಡುಕುವಂತೆ ನೋಡಿದ. ಅವಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದು ಜೋರಾಗಿ ತುಳಿದಳು. ಈ ಭರಾಟೆಯಲ್ಲಿ ಪೆಟ್ರೋಲ್ ಬಂಕಿನ ಪಕ್ಕ ಎಡಕ್ಕೆ ತಿರುಗಬೇಕಾದದ್ದು ತಪ್ಪಿಯೇಹೋಯಿತು.

ಒಂಬತ್ತು ಕಿಲೋಮೀಟರ್ ಆದ ಮೇಲೆ ಡಾಂಬರು ಮುಗಿಯಿತು. ಆಮೇಲೆ ಜಲ್ಲಿ. ಅದೂ ಮುಗಿದು, ಎದುರಿಗೆ ಹೊಳೆ! ಸೇತುವೆಯಿಲ್ಲ. ಈ ದಡದಿಂದ ಆ ದಡಕ್ಕೆ ತೋಳಿನಷ್ಟು ದಪ್ಪದ ಹಗ್ಗ ಬಿಗಿದಿದ್ದರು; ಅದನ್ನು ಹಿಡಿದು ಎಳೆಯುತ್ತಾ ಚಪ್ಪಟೆ ದೋಣಿಯೊಂದನ್ನು ದಾಟಿಸುವುದು ಅಲ್ಲಿನ ಏರ್ಪಾಡು. ಅಂಬಿಗನ ಮಣಿಕಟ್ಟು ಹಿಂದಿನ ದಿನ ಉಳುಕಿ ಊದಿಕೊಂಡಿತ್ತು. ಒಂದೇ ಕೈಯಲ್ಲಿ ಎಳೆಯುತ್ತಿದ್ದ ಅವನ ದೋಣಿ ಆಮೆಯನ್ನೂ ನಾಚಿಸುವಂತೆ ಬರುತ್ತಿತ್ತು. ದಡದಲ್ಲಿ ಕಾದು ಸುಸ್ತಾದ ಇಪ್ಪತ್ತು ಜನ. ಬಾಗಿಲ ಚೌಕಟ್ಟು ಹೊತ್ತ ಬಡಗಿ, ಎದೆಗೆ ಉತ್ತರಪತ್ರಿಕೆಗಳ ಕಟ್ಟು ಅವುಚಿಕೊಂಡ ಶಾಲೆಯ ಟೀಚರ್, ಎರಡು ಮೇಕೆಗಳ ಜೊತೆ ಅಜ್ಜಿ. ದೋಣಿ ದಡ ಮುಟ್ಟಿತೋ ಇಲ್ಲವೋ, ಎಲ್ಲರೂ ಒಮ್ಮೆಗೇ ನುಗ್ಗಿದರು. ಒಳಗಿದ್ದವರು ಇಳಿಯಲಾಗದೆ ಕೂಗಿದರು. ದೋಣಿ ಒಂದು ಪಕ್ಕಕ್ಕೆ ವಾಲಿತು.

"ನಿಲ್ಲಿ!" ಲಿಫ್ಟಕ್ಕನ ಗಂಟಲಿನಿಂದ ಇಪ್ಪತ್ತೊಂಬತ್ತು ವರ್ಷದ ನೌಕರಿ ಸಿಡಿದು ಬಂತು. "ಇಳಿಯೋರು ಮೊದಲು! ಒಂದು ಸಲಕ್ಕೆ ಎಂಟೇ ಜನ. ಬಾಗಿಲು ಹಿಂದಕ್ಕೆ, ಮೇಕೆ ನಡುವಿಗೆ!"

ಯಾರು ಈಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಜನ ಸಾಲಾಗಿ ನಿಂತರು. ಮೇಕೆಗಳೂ ಸುಮ್ಮನಾದವು.

ಅಂಬಿಗ ಕಣ್ಣರಳಿಸಿದ. "ಎಲ್ಲಿ ದೋಣಿ ನಡೆಸ್ತಿದ್ರಿ ಅಕ್ಕಾ?"

"ನಡೆಸಿದ್ದೆ, ಆದ್ರೆ ದೋಣಿ ಅಲ್ಲ. ಅಂದ್ರೆ ಅಡ್ಡಡ್ಡ ಅಲ್ಲ, ಉದ್ದಕ್ಕೆ ಮೇಲಕ್ಕೆ ಹೋಗೋದು," ಎಂದು ಅವಳು ಏನೇನೋ ತಡವರಿಸಿದಳು. "ಇರಲಿ ಬಿಡು, ನಿನ್ನ ಹೆಂಡತಿ ಎಳೆಯೋಕೆ ಬರಲ್ವಾ?"

"ಮಧ್ಯಾಹ್ನ ಬರ್ತಾಳೆ. ಅಲ್ಲೀತನಕ ನಾನೇ."

"ಹಗ್ಗ ಇತ್ತ ಕೊಡು."

ಸೈಕಲ್ಲನ್ನು ದೋಣಿಗೆ ಹತ್ತಿಸಿ ಅವಳು ಹಗ್ಗ ಹಿಡಿದಳು. ಮೊದಲ ನಾಲ್ಕು ಎಳೆತಕ್ಕೆ ದೋಣಿ ಮಿಸುಕಲಿಲ್ಲ. ಐದನೆಯದಕ್ಕೆ ಜಾರಿತು. ದಡ ತಾನಾಗಿ ದೂರ ಸರಿಯಿತು, ಕೆಳಗೆ ತಿಳಿನೀರು, ಅದರಲ್ಲಿ ಬೆರಳುದ್ದದ ಮೀನುಗಳ ಹಿಂಡು. ತಾನು ಎಳೆದರೆ ಎಂಟು ಜನ, ಎರಡು ಮೇಕೆ, ಒಂದು ಬಾಗಿಲು ಎಲ್ಲ ಮುಂದಕ್ಕೆ ಹೋಗುತ್ತವೆ ಎಂಬುದರಿಂದ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಒಬ್ಬಳೇ ಕಿಸಕ್ಕೆಂದಳು.

ನಡುಹೊಳೆಯಲ್ಲಿ ಫೋನು ಬಂತು. ಗಂಡ ದಿನಾ ಹನ್ನೆರಡಕ್ಕೆ ಸರಿಯಾಗಿ ಮಾಡುವ ಫೋನು. ಕೈ ಬಿಡುವಂತಿರಲಿಲ್ಲ. ಟೀಚರ್ ಅದನ್ನು ಅವಳ ಚೀಲದಿಂದ ತೆಗೆದು ಸ್ಪೀಕರ್ ಹಾಕಿ ಮುಖದ ಮುಂದೆ ಹಿಡಿದಳು.

"ಎಲ್ಲಿದ್ದೀಯ?"

"ನೀರಿನ ಮೇಲೆ."

ಆ ಕಡೆ ಗಡಿಯಾರಗಳ ಟಿಕ್ ಟಿಕ್ ನಡುವೆ ಗಂಡನ ದನಿ ಏರಿತು. "ಅಲ್ಲಿ ನೀರೇ ಇಲ್ಲವಲ್ಲ. ಪೆಟ್ರೋಲ್ ಬಂಕ್ ಹತ್ರ ಎಡಕ್ಕೆ ತಿರುಗ್ಬೇಕಿತ್ತು. ಇಷ್ಟು ಹೊತ್ತಿಗೆ ನೀನು ರೈಲ್ವೆ ಗೇಟ್ ದಾಟಿರ್ತೀಯ ಅಂತ ನಾನು..."

"ಗೇಟ್ ವಿಷಯ ನಿಮಗೆ ಹೇಗೆ ಗೊತ್ತು ರೀ?"

ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಅವನು ಹೇಳಿದ: "ಕೆಲಸದ ಮೇಜಿನ ಗಾಜಿನ ಕೆಳಗೆ ನಕ್ಷೆ ಹಾಸಿದ್ದೀನಿ. ಗಾಜಿನ ಮೇಲೆ ವಾಚಿನದೊಂದು ಸ್ಕ್ರೂ ಇಟ್ಟು, ನೀನು ಹೋದ ಹಾಗೆಲ್ಲ ಸರಿಸ್ತೀನಿ. ದಾರೀಲಿ ಏನೇನಿರುತ್ತೆ ಅಂತ ಯೋಚನೆ ಮಾಡ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಆರು ದಿನದಿಂದ ಒಂದು ವಾಚೂ ಬಿಚ್ಚಿಲ್ಲ ಕಣೇ."

ಲಿಫ್ಟಕ್ಕನ ಕೈ ಹಗ್ಗದ ಮೇಲೇ ನಿಂತಿತು. ಮೂವತ್ತೆರಡು ವರ್ಷ ಒಂದೇ ಸೂರಿನಡಿ ಬಾಳಿದವಳು. ಮನೆಯಲ್ಲಿ ಕನಸು ಕಾಣುವವಳು ತಾನೊಬ್ಬಳೇ ಎಂದುಕೊಂಡಿದ್ದಳು. ಕಣ್ಣು ಮಂಜಾಯಿತು. ಅಂಬಿಗ ಏನನ್ನೂ ಕೇಳಿಸಿಕೊಳ್ಳದವನಂತೆ ಆಕಾಶ ನೋಡಿದ.

"ಈಗ ಸ್ಕ್ರೂ ಎಲ್ಲಿಡಲಿ?" ಎಂದಿತು ಫೋನು. "ನಕ್ಷೆಯಲ್ಲಿ ಅಲ್ಲಿ ಹೊಳೆಯೇ ಇಲ್ಲ. ಪೆನ್ಸಿಲ್ ತಗೊಂಡಿದ್ದೀನಿ. ಅಗಲ ಎಷ್ಟು?"

"ಇನ್ನೂರು ಅಡಿ ಬರ್ಕೊಳ್ಳಿ ಯಜಮಾನ್ರೇ!" ಎಂದು ಬಡಗಿ ಹಿಂದಿನಿಂದ ಕೂಗಿದ. "ನಾನು ಅಳತೆ ತಪ್ಪೋನಲ್ಲ!"

"ದಡದಲ್ಲೊಂದು ಹುಣಸೆಮರ ಇದೆ, ಅದನ್ನೂ ಬರೀರಿ," ಎಂದಳು ಮೇಕೆಯ ಅಜ್ಜಿ.

ದೋಣಿಯಲ್ಲಿದ್ದವರೆಲ್ಲ ಸೇರಿ ವಾಚ್ ರಿಪೇರಿಯವನಿಗೆ ಹೊಳೆ ಬರೆಸಿದರು. ಮೀನುಗಳನ್ನು ಬರೆಯಬೇಕೋ ಬೇಡವೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ದಡ ಬಂತು. ಟೀಚರ್ ಇಳಿಯಲು ಏಳುತ್ತಿದ್ದಂತೆ ಲಿಫ್ಟಕ್ಕ ಅಭ್ಯಾಸಬಲದಿಂದ, "ಯಾವ ಮಹಡಿ?" ಎಂದುಬಿಟ್ಟಳು.

ಅಂಬಿಗನ ಹೆಂಡತಿ ಬರುವವರೆಗೆ ಅವಳು ಇನ್ನೂ ಐದು ಸಲ ಹೊಳೆ ದಾಟಿಸಿದಳು. ಆಮೇಲೆ ಮರದ ನೆರಳಲ್ಲಿ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದಳು. ಅಂಗೈ ಹುಣ್ಣು ನೋಡಲು ಕನ್ನಡಿ ಬೇಕೇ ಎಂಬ ಗಾದೆ ಅವಳ ಪಾಲಿಗೆ ಅಂದು ಬರೀ ಗಾದೆಯಾಗಿ ಉಳಿದಿರಲಿಲ್ಲ; ಬೊಬ್ಬೆಗಳಿಗೆ ಕರವಸ್ತ್ರ ಸುತ್ತಿಕೊಂಡೇ ಹ್ಯಾಂಡಲ್ ಹಿಡಿದಳು. ಸಂಜೆ ಐದಕ್ಕೆ, ವಸತಿಗೃಹ ಸೇರಿದೊಡನೆ, ಈ ಸಲ ತಾನೇ ಗಂಡನಿಗೆ ಫೋನು ಮಾಡಿದಳು. ಮುಕ್ಕಾಲು ಗಂಟೆ ಮಾತಾಡಿದರು. ಮದುವೆಯಾದಂದಿನಿಂದ ಅಷ್ಟು ಹೊತ್ತು ಒಟ್ಟಿಗೆ ಮಾತಾಡಿದ ನೆನಪು ಇಬ್ಬರಿಗೂ ಇರಲಿಲ್ಲ.

ತಂಗಿಯ ಮನೆಗೆ ಅವಳು ತಲುಪಿದ್ದು ಹದಿನಾಲ್ಕನೆಯ ದಿನ. ಗಾಬರಿಯಿಂದ ಗೇಟಿನಲ್ಲೇ ನಿಂತಿದ್ದ ತಂಗಿ ಬೈದಳು: "ಇಷ್ಟು ತಡ ಯಾಕೆ ಅಕ್ಕಾ? ದಾರಿ ತಪ್ಪಿದ್ಯಾ?"

"ಆರು ಸಲ ತಪ್ಪಿದೆ," ಎಂದಳು ಲಿಫ್ಟಕ್ಕ, ಸೈಕಲ್ಲನ್ನು ಗೋಡೆಗೆ ಒರಗಿಸುತ್ತಾ. "ಮೊದಲನೇದು ಗೊತ್ತಿಲ್ಲದೆ. ಉಳಿದ ಐದು, ನಿನ್ನ ಭಾವನೂ ನಾನೂ ಸೇರಿ, ಬೇಕು ಅಂತಲೇ."